ಕಿರುಬೆರಳಿನ ಭಾರ ಹೆಬ್ಬೆರಳಿಗೆ



'ಭಾಷಣ' ಎಂಬ ಒಂದು ಪದವನ್ನು ಗಣಕದಲ್ಲಿ ಕನ್ನಡದಲ್ಲಿ ಒತ್ತಿ ನೋಡಿ. ನುಡಿ ತಂತ್ರಾಂಶದ ವಿನ್ಯಾಸದಲ್ಲಿ ಅದಕ್ಕೆ ನಾಲ್ಕೇ ಒತ್ತು: ಭ, ಅದರ ದೀರ್ಘ, ಷ, ಣ. ಈ ನಾಲ್ಕರಲ್ಲಿ ಷಕಾರ ಒಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಶಿಫ್ಟ್ ಕೀಲಿಯನ್ನು ಹಿಡಿದುಕೊಂಡೇ ಒತ್ತಬೇಕು. 'ಶಾಂತಿ' ಎಂದು ಬರೆಯಲು ಐದು ಒತ್ತು, ಮೂರು ಶಿಫ್ಟ್. 'ಹಳ್ಳಿಗಳಿಂದ' ಎಂದು ಬರೆಯಲು ಹತ್ತು ಒತ್ತು, ನಾಲ್ಕು ಶಿಫ್ಟ್. ಮಹಾಪ್ರಾಣ, ದೀರ್ಘ ಸ್ವರ, ಅನುಸ್ವಾರ, ಣಕಾರ, ಳಕಾರ, ಶಕಾರ ಎಲ್ಲವೂ ಶಿಫ್ಟಿನ ಆಸರೆಯಲ್ಲೇ ಇವೆ. ಇಂಗ್ಲಿಷಿನಲ್ಲಿ ವಾಕ್ಯ ಶುರುವಾದಾಗ ಒಮ್ಮೆ, ಹೆಸರು ಬಂದಾಗ ಒಮ್ಮೆ ಶಿಫ್ಟ್ ಒತ್ತಿದರೆ ಮುಗಿಯಿತು. ಕನ್ನಡದಲ್ಲಿ ಪದಪದಕ್ಕೂ ಬೇಕು. ಆ ದುಡಿಮೆಯೆಲ್ಲ ಬೀಳುವುದು ಕೈಯಲ್ಲಿ ಎಲ್ಲಕ್ಕಿಂತ ಕಡಿಮೆ ಬಲದ ಬೆರಳಿಗೆ, ಕಿರುಬೆರಳಿಗೆ.

ನಾನು ಅನುವಾದದ ಕೆಲಸ ಮಾಡುವವಳು. ಇಪ್ಪತ್ತು ವರ್ಷದಿಂದ ದಿನಕ್ಕೆ ಐದಾರು ಗಂಟೆ ಕನ್ನಡ ಬೆರಳಚ್ಚಿಸುತ್ತಾ ಬಂದಿದ್ದೇನೆ. ಎರಡು ವರ್ಷದ ಕೆಳಗೆ ಎಡಗೈ ಕಿರುಬೆರಳಿನ ಬುಡದಲ್ಲಿ ಶುರುವಾದ ನೋವು ಮಣಿಕಟ್ಟಿಗೆ ಇಳಿಯಿತು. ವೈದ್ಯರು ವಿಶ್ರಾಂತಿ ಹೇಳಿದರು. ಕೈ ವಿಶ್ರಾಂತಿ ಪಡೆದರೆ ಕೆಲಸ ನಿಲ್ಲುತ್ತದೆ. ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗಳು ಒಂದು ಸಂಜೆ ನಾನು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದಳು. "ಚಿಕ್ಕಮ್ಮ, ತಪ್ಪು ನಿಮ್ಮ ಬೆರಳಿಂದಲ್ಲ. ಶಿಫ್ಟ್ ಇರೋ ಜಾಗ ಸರಿಯಿಲ್ಲ. ಅದನ್ನ ಎತ್ತಿ ಬೇರೆ ಕಡೆ ಇಡೋಣ" ಎಂದಳು. "ಕೀಬೋರ್ಡಲ್ಲಿ ಅಚ್ಚಾಗಿರೋದನ್ನ ಎತ್ತಿ ಇಡೋಕೆ ಆಗತ್ತೇನೇ?" ಎಂದು ಕೇಳಿದೆ. ಆಗುತ್ತದೆ ಎಂದು ಅವಳು ತೋರಿಸಿಕೊಟ್ಟಳು. ಒಂದು ಪುಟ್ಟ ಕೀಲಿಮಣೆಯೊಳಗಿನ ತಂತ್ರಾಂಶವನ್ನು ತೆಗೆದು, ಬೇರೆಯವರು ಬರೆದು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶವನ್ನು ನನಗೆ ಬೇಕಾದಂತೆ ತಿದ್ದಿ ಹಾಕಿಕೊಂಡ ವಿಷಯವನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಶಿಫ್ಟ್ ಕೀಲಿ ಅಲ್ಲಿಗೆ ಬಂದದ್ದು ಹೇಗೆ ಎಂದು ಮೊದಲು ನೋಡೋಣ. ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಗೆಳೆಯರು 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದರು. 1874ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಆ ಯಂತ್ರದಲ್ಲಿ ಇದ್ದದ್ದು ದೊಡ್ಡಕ್ಷರಗಳು ಮಾತ್ರ. 1878ರಲ್ಲಿ ಬಂದ ರೆಮಿಂಗ್ಟನ್‌ನ ಎರಡನೇ ಮಾದರಿಯಲ್ಲಿ ಒಂದೇ ಅಚ್ಚುಕಡ್ಡಿಗೆ ಚಿಕ್ಕದು ದೊಡ್ಡದು ಎರಡೂ ಅಕ್ಷರ ಕೆತ್ತಿ, ಕಾಗದದ ಉರುಳೆಯನ್ನೇ ಸ್ವಲ್ಪ ಸರಿಸುವ ಕೀಲಿಯೊಂದನ್ನು ಕೊಟ್ಟರು. ಶಿಫ್ಟ್ ಎಂದರೆ ಸರಿಸುವುದು, ಹೆಸರು ಬಂದದ್ದು ಹಾಗೆ. ವಾಕ್ಯಕ್ಕೊಂದು ದೊಡ್ಡಕ್ಷರ ಸಾಕಾದ ಭಾಷೆಗೆ ಅದನ್ನು ಮೂಲೆಯಲ್ಲಿಟ್ಟದ್ದು ಸರಿಯಾಗಿಯೇ ಇತ್ತು.

ಕನ್ನಡಕ್ಕೆ ಬೆರಳಚ್ಚು ಯಂತ್ರದ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರು ನಮ್ಮ ಲಿಪಿಯನ್ನು ಆ ಲೋಹದ ಕಡ್ಡಿಗಳಲ್ಲಿ ಹಿಡಿಸಲು ಪಟ್ಟ ಪಾಡು ಬೇರೆಯೇ ಒಂದು ಕಥೆ. ಗಣಕದ ಕಾಲಕ್ಕೆ ಬಂದರೆ ಕೆ.ಪಿ. ರಾವ್ ಅವರನ್ನು ನೆನೆಯಲೇಬೇಕು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಇಡೀ ವರ್ಣಮಾಲೆಯನ್ನು ಉಚ್ಚಾರಕ್ಕೆ ಹೊಂದುವಂತೆ ಕೂರಿಸಿದವರು ಅವರು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು 'ಕೆ' ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಒಂದು 'ಎಫ್'. ಅಲ್ಪಪ್ರಾಣದ ಬೆನ್ನಿಗೇ ಮಹಾಪ್ರಾಣ, ಹ್ರಸ್ವದ ಬೆನ್ನಿಗೇ ದೀರ್ಘ. ಕಲಿಯಲು ಒಂದು ಮಧ್ಯಾಹ್ನ ಸಾಕು. ಈ ವಿನ್ಯಾಸವನ್ನು ಅವರು ಜನರ ಕೈಗೆ ಮುಕ್ತವಾಗಿ ಬಿಟ್ಟುಕೊಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೂ ಅದೇ ತಳಹದಿಯಾಯಿತು. ಲಿನಕ್ಸ್ ಗಣಕಗಳ ಕೀಲಿಮಣೆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ: 'ಕಗಪ' ಎಂಬ ಹೆಸರು ಕನ್ನಡದ ಮುಂದೆ ಮಾತ್ರವಲ್ಲ, ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿನ ಮುಂದೆಯೂ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳವು. ಅದನ್ನು ಮೊದಲ ಸಲ ಕಂಡ ದಿನ ನನಗಾದ ಸಂತೋಷ ಇನ್ನೂ ಹಾಗೇ ಇದೆ.

ಆದರೆ ಕೆ.ಪಿ. ರಾವ್ ಅವರ ಕೈಯಲ್ಲಿದ್ದದ್ದು ಅಕ್ಷರಗಳ ಹಂಚಿಕೆ ಮಾತ್ರ. ಶಿಫ್ಟ್ ಎಲ್ಲಿರಬೇಕು ಎಂಬುದು ಕೀಲಿಮಣೆ ಮಾಡಿದವರು ಬಿಟ್ಟ ಜಾಗ. ಆ ಜಾಗವನ್ನು ಬದಲಿಸಬೇಕಾದರೆ ಕೀಲಿಮಣೆಯ ಹೊಟ್ಟೆಯೊಳಕ್ಕೇ ಇಳಿಯಬೇಕು.

ನೀವು ರೇಡಿಯೊ ಮುಂದೆ ಇದ್ದೀರಿ, ಬಿಚ್ಚಿ ತೋರಿಸಲಾರೆ. ಮಗ್ಗವನ್ನು ನೆನೆಸಿಕೊಳ್ಳಿ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಕೀಲಿಮಣೆಯ ಹಲಗೆಯಲ್ಲೂ ತಾಮ್ರದ ಗೆರೆಗಳು ಹಾಗೆಯೇ ಹಾಸುಹೊಕ್ಕಾಗಿ ಹೋಗಿರುತ್ತವೆ, ಒಂದೊಂದು ಸಂಧಿಯಲ್ಲಿ ಒಂದೊಂದು ಕೀಲಿ. ನನ್ನದು 61 ಕೀಲಿಗಳ ಪುಟ್ಟ ಕೀಲಿಮಣೆ. ಪ್ರತಿ ಕೀಲಿಗೂ ಬೇರೆ ತಂತಿ ಎಳೆದರೆ 61 ತಂತಿ ಬೇಕು. ಐದು ಅಡ್ಡಸಾಲು, ಹದಿನಾಲ್ಕು ಉದ್ದಸಾಲು ಮಾಡಿದರೆ 19 ತಂತಿಯಲ್ಲಿ ಕೆಲಸ ಮುಗಿಯುತ್ತದೆ. ಒಳಗಿರುವ ಚಿಪ್ಪು ಒಂದೊಂದೇ ಸಾಲಿಗೆ ವಿದ್ಯುತ್ ಕಳಿಸಿ, ಯಾವ ಸಂಧಿಯಲ್ಲಿ ಅದು ದಾಟಿ ಬಂತು ಎಂದು ನೋಡುತ್ತದೆ. ಸೆಕೆಂಡಿಗೆ ಸಾವಿರದಷ್ಟು ಸಲ ಇಡೀ ಮಗ್ಗವನ್ನು ಹೀಗೆ ತಡವಿ ಬರುತ್ತದೆ. ಒಂದು ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಒತ್ತದೇ ಇರುವ ನಾಲ್ಕನೆಯ ಮೂಲೆಯ ಕೀಲಿಯೂ ಒತ್ತಿದಂತೆ ತೋರಬಹುದು. ಅದನ್ನು ತಡೆಯಲು ಪ್ರತಿ ಕೀಲಿಯ ಜೊತೆಗೂ ಒಂದು ಡಯೋಡ್ ಇರುತ್ತದೆ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲಿನ ಹಾಗೆ. ಇನ್ನೊಂದು ತೊಡಕು ಕೀಲಿಯೊಳಗಿನ ಲೋಹದ ಎಲೆಯದು. ಒತ್ತಿದ ಕ್ಷಣ ಅದು ಮಿಡಿಯುತ್ತದೆ, ಒಮ್ಮೆ ಒತ್ತಿದ್ದು ನಾಲ್ಕು ಸಲ ಒತ್ತಿದಂತೆ ಕಾಣುತ್ತದೆ. ಚಿಪ್ಪು ಒಂದೈದು ಮಿಲಿಸೆಕೆಂಡ್ ತಾಳಿ, ಮಿಡಿತ ನಿಂತ ಮೇಲೆ ಲೆಕ್ಕ ಹಿಡಿಯುತ್ತದೆ.

ಆಮೇಲೆ ಅದು ಗಣಕಕ್ಕೆ ಕಳಿಸುವುದು ಏನನ್ನು? ಅಕ್ಷರವನ್ನಲ್ಲ, ಒಂದು ಸಂಖ್ಯೆಯನ್ನು. 'ಎ' ಕೀಲಿಗೆ 4, 'ಬಿ'ಗೆ 5, 'ಎಫ್'ಗೆ 9, 'ಕೆ'ಗೆ 14. ಯುಎಸ್‌ಬಿ ಕೀಲಿಮಣೆಗಳೆಲ್ಲ ಒಪ್ಪಿಕೊಂಡ ಕೋಷ್ಟಕ ಅದು. 14 ಬಂದರೆ ಅದನ್ನು ಇಂಗ್ಲಿಷಿನ ಕೆ ಎಂದು ಓದಬೇಕೋ ಕನ್ನಡದ ಕ ಎಂದು ಓದಬೇಕೋ ಎಂಬುದು ಗಣಕಕ್ಕೆ ಬಿಟ್ಟ ವಿಚಾರ. ಇದು ತಿಳಿದ ಮೇಲೆ ನನಗೆ ಬಾಗಿಲು ತೆರೆದಂತಾಯಿತು. ಕೀಲಿಮಣೆಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಯಾವ ಸಂಧಿ ಒತ್ತಿದರೆ ಯಾವ ಸಂಖ್ಯೆ ಎಂಬ ಒಂದು ಪಟ್ಟಿ ಅದರ ಬಳಿ ಇದೆ. ಆ ಪಟ್ಟಿ ನನ್ನ ಕೈಗೆ ಸಿಕ್ಕಿದರೆ ಮೂಲೆಯ ಶಿಫ್ಟನ್ನು ಹೆಬ್ಬೆರಳಿನ ಕೆಳಗೆ ತರಬಹುದು.

ಈ ಪಟ್ಟಿ, ಈ ತಡವುವ ಕೆಲಸ, ಈ ತಾಳ್ಮೆಯ ಲೆಕ್ಕ ಎಲ್ಲ ಸೇರಿದ ಪುಟ್ಟ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. 1967ರಲ್ಲಿ ಆಶರ್ ಓಪ್ಲರ್ ಎಂಬುವರು ಹುಟ್ಟುಹಾಕಿದ ಪದವದು. ಯಂತ್ರಾಂಶದಷ್ಟು ಗಟ್ಟಿಯಲ್ಲ, ತಂತ್ರಾಂಶದಷ್ಟು ಸಡಿಲವೂ ಅಲ್ಲ, ನಡುವಿನದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕೀಲಿಮಣೆಗಳಲ್ಲಿ ಇದು ಮುಚ್ಚಿಟ್ಟ ಪೆಟ್ಟಿಗೆ, ಕೊಂಡವರಿಗೂ ತೆರೆಯಲಾಗದು.

ತೆರೆದ ಪೆಟ್ಟಿಗೆಯ ಕಥೆ ಜಪಾನಿನಿಂದ ಶುರುವಾಗುತ್ತದೆ. ಅಲ್ಲಿನ ಗಣಕ ವಿಜ್ಞಾನಿ ಎಯಿಚಿ ವಾದಾ ಅವರ ವಿಚಾರದಂತೆ ಪಿಎಫ್‌ಯು ಕಂಪನಿ 1996ರಲ್ಲಿ 'ಹ್ಯಾಪಿ ಹ್ಯಾಕಿಂಗ್' ಎಂಬ 60 ಕೀಲಿಗಳ ಕೀಲಿಮಣೆ ತಂದಿತು. ವಾದಾ ಅವರದೊಂದು ಹೋಲಿಕೆ ಹೆಸರುವಾಸಿ. ಅಮೆರಿಕದ ಬಯಲುಸೀಮೆಯ ದನಗಾಹಿಗಳು ಕುದುರೆ ಸತ್ತರೆ ಅಲ್ಲೇ ಬಿಟ್ಟು, ಜೀನನ್ನು ಮಾತ್ರ ಹೊತ್ತುಕೊಂಡು ನಡೆಯುತ್ತಿದ್ದರಂತೆ. ಕುದುರೆ ಬದಲಾಗುತ್ತದೆ, ಮೈಗೆ ಒಗ್ಗಿದ ಜೀನು ಬದಲಾಗುವುದಿಲ್ಲ. ಗಣಕ ಕುದುರೆ, ಕೀಲಿಮಣೆ ಜೀನು ಎಂಬುದು ಅವರ ಭಾವ. ಈ ಕೀಲಿಮಣೆಯನ್ನು ಮೆಚ್ಚಿದ ಜುನ್ ವಾಕೊ ಎಂಬ ಜಪಾನಿನವರೇ ಅದರೊಳಕ್ಕೆ ಹಾಕಲು ಬೇರೆ ಚಿಪ್ಪಿನ ಹಲಗೆ ಮಾಡಿದರು. 'ಟಿಎಂಕೆ' ಎಂಬ ಫರ್ಮ್‌ವೇರ್ ಬರೆದು ಮೂಲವನ್ನು ಎಲ್ಲರಿಗೂ ತೆರೆದಿಟ್ಟರು. ಅಮೆರಿಕದ ಜ್ಯಾಕ್ ಹಂಬರ್ಟ್ ಅದನ್ನು ಎತ್ತಿಕೊಂಡು ಬೆಳೆಸಿದ ಕವಲು 'ಕ್ಯೂಎಂಕೆ'. ಇವತ್ತು ಅದರಲ್ಲಿ ಸಾವಿರಕ್ಕೂ ಹೆಚ್ಚು ಕೀಲಿಮಣೆಗಳಿಗೆ ಬೇಕಾದ ಬರಹ ಸಿದ್ಧವಿದೆ. ಊರೂರಿನವರು ತಮ್ಮ ತಮ್ಮ ಕೀಲಿಮಣೆಗೆಂದು ಬರೆದು ಸೇರಿಸಿದ್ದು ಅದೆಲ್ಲ.

ಕ್ಯೂಎಂಕೆಯ ಪರವಾನಗಿ ಜಿಪಿಎಲ್. ರಿಚರ್ಡ್ ಸ್ಟಾಲ್‌ಮನ್ ಅವರ ಮುಕ್ತ ತಂತ್ರಾಂಶ ಚಳವಳಿಯಿಂದ ಬಂದ ಪರವಾನಗಿ, ಎರಡನೆಯ ಆವೃತ್ತಿ 1991ರದು. ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಿ. ಆದರೆ ಕೊಂಡವರಿಗೆ ಮೂಲ ಬರಹವನ್ನೂ ಕೊಡಿ ಎಂಬುದು ಅದರ ಕಟ್ಟಳೆ. ಈ ಫರ್ಮ್‌ವೇರ್ ಹಾಕಿ ಕೀಲಿಮಣೆ ಮಾರುವ ಕೆಲವರು ಮೂಲವನ್ನು ಕೊಡದೆ ಉಳಿಸಿಕೊಳ್ಳುತ್ತಾರೆ. ಅದು ಸಣ್ಣ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಪುಕ್ಕಟೆಯಾಗಿ ದುಡಿದವರ ಮುಖ್ಯ ಷರತ್ತನ್ನು ಮುರಿದಂತೆ ಅದು. ಕೀಲಿಮಣೆ ಕೊಳ್ಳುವ ಮುಂಚೆ ಮೂಲ ಸಿಗುತ್ತದೆಯೇ ಎಂದು ವಿಚಾರಿಸಿ.

ಈಗ ಕೆಲಸಕ್ಕೆ ಇಳಿಯೋಣ. ಅಕ್ಕನ ಮಗಳು ಕೊಡಿಸಿದ ಕೀಲಿಮಣೆ ಒಂದು ಅಂಗೈ ಅಗಲ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಬಲಗಡೆ ಅಂಕಿಗಳ ಗುಂಪಿಲ್ಲ, ಬಾಣದ ಕೀಲಿಗಳಿಲ್ಲ, ಮೇಲಿನ ಎಫ್ ಒಂದು, ಎಫ್ ಎರಡು ಎಂಬ ಸಾಲೂ ಇಲ್ಲ. ಅವೆಲ್ಲ ಪದರಗಳಲ್ಲಿ ಅಡಗಿವೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂ ನೋಡಿರುತ್ತೀರಿ. ಮನೆಗಳ ಹಲಗೆಯನ್ನು ಒಂದಿಷ್ಟು ಸರಿಸಿದರೆ ಅದೇ ಮನೆಯಲ್ಲಿ ಬೇರೆ ಸ್ವರ ನುಡಿಯುತ್ತದೆ. ಇಲ್ಲಿಯೂ ಅಷ್ಟೆ. ನಾನು ಕ್ಯಾಪ್ಸ್ ಲಾಕ್ ಜಾಗದ ಕೀಲಿಯನ್ನು ಹಿಡಿದರೆ ಐ, ಜೆ, ಕೆ, ಎಲ್ ಕೀಲಿಗಳು ನಾಲ್ಕು ದಿಕ್ಕಿನ ಬಾಣಗಳಾಗುತ್ತವೆ. ಬಿಟ್ಟರೆ ಮತ್ತೆ ಅಕ್ಷರಗಳು. ಕೈ ಕೂತಲ್ಲಿಂದ ಏಳಬೇಕಾಗಿಲ್ಲ.

ಕ್ಯೂಎಂಕೆ ಮೂಲವನ್ನು ನನ್ನ ಲಿನಕ್ಸ್ ಗಣಕಕ್ಕೆ ಇಳಿಸಿಕೊಂಡೆವು. ಅದರ ಜೊತೆ ಬರುವ 'ಡಾಕ್ಟರ್' ಎಂಬ ಆಜ್ಞೆ ಬೇಕಾದ ಸಲಕರಣೆಗಳೆಲ್ಲ ಇವೆಯೇ ಎಂದು ನಾಡಿ ಹಿಡಿದು ನೋಡುತ್ತದೆ. ನಮ್ಮದರಲ್ಲಿ ಒಂದು ಅನುಮತಿಯ ಕಡತ ಇರಲಿಲ್ಲ. ಅದಿಲ್ಲದಿದ್ದರೆ ಚಿಪ್ಪು ಕಣ್ಣಿಗೆ ಕಾಣುತ್ತದೆ, ಮುಟ್ಟಲು ಬಿಡುವುದಿಲ್ಲ. ಅದನ್ನು ಹಾಕಿದೆವು. ಕೀಲಿಮಣೆಯ ಮೂಲ ಪಟ್ಟಿಯ ಪ್ರತಿ ಮಾಡಿಕೊಂಡು ಅದರಲ್ಲಿ ತಿದ್ದುವುದು ಕ್ರಮ. ಮೂಲವನ್ನು ಮಾತ್ರ ಮುಟ್ಟಬಾರದು. ಸಿ ಭಾಷೆಯ ಕಡತವಾದರೂ ಹೆದರುವಂಥದ್ದೇನಿಲ್ಲ. ಕೀಲಿಮಣೆಯ ಸಾಲುಗಳಂತೆಯೇ ಸಾಲು ಸಾಲಾಗಿ ಕೀಲಿಗಳ ಹೆಸರು ಬರೆದಿರುತ್ತದೆ. ಮೇಲಿನ ಪದರದಲ್ಲಿ ಏನೂ ಬದಲಾಗಬಾರದು ಎನ್ನುವ ಕಡೆ ಏಳು ಅಡಿಗೆರೆ ಎಳೆದರೆ ಕೆಳಗಿನ ಪದರದ ಕೀಲಿಯೇ ಅಲ್ಲಿಂದ ಹಾಯುತ್ತದೆ. ಆ ಕಡತ ಓದುತ್ತಾ ಹೋದಾಗ ಮೊಳೆ ಜೋಡಿಸುತ್ತಿದ್ದ ಹಳೆಯ ಅಚ್ಚುಕೂಟದ ಖಾನೆಗಳು ನನ್ನ ಕಣ್ಣಿಗೆ ಬಂದವು.

ತಿದ್ದಿದ ಕಡತವನ್ನು ಚಿಪ್ಪಿನ ಭಾಷೆಗೆ ತರಲು ಮೊದಲ ಸಲ ಕಂಪೈಲ್ ಮಾಡಿದಾಗ ಗಣಕ ಒಪ್ಪಲಿಲ್ಲ, ಫರ್ಮ್‌ವೇರ್ ದೊಡ್ಡದಾಯಿತು ಎಂದಿತು. ನನ್ನ ಕೀಲಿಮಣೆಯ ಚಿಪ್ಪು ಎಟಿಮೆಗಾ 32ಯು4. ಅದರಲ್ಲಿರುವ ಒಟ್ಟು ಜಾಗ 32,768 ಬೈಟ್. ಅದರಲ್ಲಿ 4,096 ಬೈಟ್ ಬೂಟ್‌ಲೋಡರ್‌ಗೆ ಮೀಸಲು. ಉಳಿಯುವುದು 28,672. ಇವತ್ತಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅಷ್ಟರಲ್ಲಿ ಹಿಡಿಯುವುದಿಲ್ಲ. ಬಣ್ಣದ ದೀಪಗಳ ಕುಣಿತ, ಕೀಲಿಯಿಂದಲೇ ಮೌಸ್ ಓಡಿಸುವ ಸೌಲಭ್ಯ, ದೋಷ ಹುಡುಕುವ ಕಿಟಕಿ ಇವನ್ನೆಲ್ಲ ಒಂದೊಂದು ಸಾಲಿನಲ್ಲಿ ತೆಗೆದುಹಾಕಿದೆ. ಜೋಡಣೆಯ ಹೊತ್ತಿನಲ್ಲೇ ಬೇಡದ್ದನ್ನು ಕತ್ತರಿಸುವ ಒಂದು ಆಯ್ಕೆಯನ್ನು ಹಚ್ಚಿದೆ. ಆಗ ಹಿಡಿಸಿತು.

ಬೂಟ್‌ಲೋಡರ್ ಎಂದೆನಲ್ಲ, ಅದು ಮನೆಯ ಜಗಲಿ ಇದ್ದ ಹಾಗೆ. ಹೊಸಬರು ಬಂದು ಮೊದಲು ಕೂರುವುದು ಅಲ್ಲಿ. ಒಳಮನೆಯನ್ನು ಕೆಡವಿ ಕಟ್ಟಿದರೂ ಜಗಲಿಗೆ ಏಟು ಬೀಳುವುದಿಲ್ಲ. ಕೀಲಿಮಣೆಯ ತಳದ ಪುಟ್ಟ ತೂತಿನೊಳಗಿನ ರಿಸೆಟ್ ಗುಂಡಿ ಒತ್ತಿದರೆ ಚಿಪ್ಪು ಕೀಲಿಮಣೆಯಾಗಿರುವುದನ್ನು ನಿಲ್ಲಿಸಿ, ಜಗಲಿಯಲ್ಲಿ ಕೂತು ಹೊಸ ಫರ್ಮ್‌ವೇರ್‌ಗಾಗಿ ಕಾಯುತ್ತದೆ. ಇಲ್ಲೊಂದು ಎಚ್ಚರಿಕೆ. ಆ ಹೊತ್ತಿನಲ್ಲಿ ಅದರಲ್ಲಿ ಏನನ್ನೂ ಬರೆಯಲಾಗದು. ಆಜ್ಞೆಯನ್ನು ಮೊದಲೇ ಕೊಟ್ಟು ಆಮೇಲೆ ರಿಸೆಟ್ ಒತ್ತಬೇಕು, ಇಲ್ಲವೇ ಹಳೆಯ ಕೀಲಿಮಣೆಯೊಂದನ್ನು ಪಕ್ಕದಲ್ಲಿ ಜೋಡಿಸಿಟ್ಟುಕೊಂಡಿರಬೇಕು. ಹಳೆಯದು ಅಳಿಸಿತು, ಹೊಸದು ಬರೆಯಿತು, ಬರೆದದ್ದು ಸರಿಯಿದೆಯೇ ಎಂದು ತಾಳೆ ನೋಡಿತು ಎಂದು ಮೂರು ಸಾಲು ಪರದೆಯ ಮೇಲೆ ಬರುತ್ತವೆ. ಎಲ್ಲ ಸೇರಿ ಕೆಲವು ಸೆಕೆಂಡುಗಳ ಕೆಲಸ.

ನನ್ನದು ಮೊದಲ ಸಲ ಸರಿಹೋಗಲಿಲ್ಲ. ಮಾರಿದವರು ಬರೀ ಮಾದರಿಯ ಹೆಸರು ಕೊಟ್ಟಿದ್ದರು. ಅದೇ ಹೆಸರಿನಲ್ಲಿ ಎರಡು ಆವೃತ್ತಿಗಳಿವೆ, ತಂತಿಗಳ ಜೋಡಣೆ ಎರಡರಲ್ಲೂ ಬೇರೆ. ನಾವು ಹಾಕಿದ್ದು ಇನ್ನೊಂದರದು. ಕೀಲಿಮಣೆಯ ಕೆಳಸಾಲು ಪೂರ್ತಿ ಮೂಕವಾಯಿತು, ಸ್ಪೇಸ್ ಕೂಡ ಇಲ್ಲ. ನನ್ನ ಎದೆ ಹೊಡೆದುಕೊಂಡಿತು. "ಜಗಲಿ ಭದ್ರವಾಗಿದೆ ಚಿಕ್ಕಮ್ಮ" ಎಂದು ಅವಳು ತಳದ ತಿರುಪು ಬಿಚ್ಚಿ, ಹಲಗೆಯ ಮೇಲೆ ಅಚ್ಚಾಗಿದ್ದ ಆವೃತ್ತಿಯ ಸಂಖ್ಯೆ ಓದಿ, ಸರಿಯಾದ ಕಡತ ಹಾಕಿದಳು. ಹತ್ತು ನಿಮಿಷದಲ್ಲಿ ಕೆಳಸಾಲಿಗೆ ಜೀವ ಬಂತು. ನೀವು ಈ ಕೆಲಸಕ್ಕೆ ಕೈಹಾಕುವುದಾದರೆ ಹಲಗೆಯ ಮೇಲಿನ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಾರ್ಖಾನೆಯಿಂದ ಬಂದ ಹಳೆಯ ಫರ್ಮ್‌ವೇರನ್ನು ಚಿಪ್ಪಿನಿಂದ ಓದಿ ಉಳಿಸಿಕೊಳ್ಳಲು ಎಲ್ಲ ಸಲವೂ ಆಗುವುದಿಲ್ಲ. ಅದರ ಕಡತ ಬೇರೆಡೆ ಸಿಗುತ್ತದೆಯೇ ಎಂಬುದನ್ನೂ ಮುಂಚೆಯೇ ನೋಡಿಕೊಳ್ಳಿ.

ಇನ್ನು ಶಿಫ್ಟಿನ ವಿಚಾರ. ಸ್ಪೇಸ್ ಬಾರನ್ನು ಎರಡು ಕೆಲಸಕ್ಕೆ ಹಚ್ಚಬಹುದು ಎಂದು ಅವಳು ಹೇಳಿದಳು. ಥಟ್ಟನೆ ಒತ್ತಿ ಬಿಟ್ಟರೆ ಸ್ಪೇಸ್, ಒತ್ತಿ ಹಿಡಿದರೆ ಶಿಫ್ಟ್. ಛಂದಸ್ಸು ಓದಿದವರಿಗೆ ಇದು ಬೇಗ ಹಿಡಿಯುತ್ತದೆ. ಲಘು ಒಂದು ಅರ್ಥ, ಗುರು ಒಂದು ಅರ್ಥ. ಫರ್ಮ್‌ವೇರ್ ಮಾತ್ರೆ ಎಣಿಸುತ್ತಾ ಕೂರುತ್ತದೆ, 200 ಮಿಲಿಸೆಕೆಂಡಿನ ಒಳಗೆ ಬಿಟ್ಟರೆ ಲಘು, ಮೀರಿದರೆ ಗುರು. ಮೊದಲ ದಿನ ಹಬ್ಬದಂತಿತ್ತು. ಎರಡನೆಯ ದಿನ ಬರೆದದ್ದನ್ನು ಓದಿದೆ. 'ನಮ್ಮ ಮನೆ' ಎಂದು ಬರೆದ ಕಡೆ 'ನಮ್ಮಂನೆ' ಎಂದಿತ್ತು. 'ಅವರ ನಾಡು' ಎಂಬುದು 'ಅವರಣಾಡು' ಆಗಿತ್ತು. 'ಊರ ಕೆರೆ' ಹೋಗಿ 'ಊರಖೆರೆ'. ನನ್ನ ಹೆಬ್ಬೆರಳು ಸ್ಪೇಸಿನ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಅಷ್ಟರಲ್ಲಿ ಮುಂದಿನ ಅಕ್ಷರ ಒತ್ತಿಬಿಟ್ಟರೆ ಫರ್ಮ್‌ವೇರ್ ಅದನ್ನು ಗುರು ಎಂದು ಓದಿ, ಸ್ಪೇಸನ್ನು ನುಂಗಿ ಶಿಫ್ಟ್ ಕೊಡುತ್ತದೆ. ಇಂಗ್ಲಿಷಿನಲ್ಲಾಗಿದ್ದರೆ ಎರಡು ಪದ ಅಂಟಿ ನಡುವೆ ಒಂದು ದೊಡ್ಡಕ್ಷರ ಬರುತ್ತಿತ್ತು, ಓದುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಿದ್ದರು. ಕನ್ನಡದಲ್ಲಿ ಅಕ್ಷರವೇ ಬೇರೆ ಅಕ್ಷರವಾಗಿಬಿಡುತ್ತದೆ.

ಮಾತ್ರೆಯನ್ನು 250ಕ್ಕೆ ಏರಿಸಿದೆ. ಈಗ ಬೇಕೆಂದೇ ಒತ್ತಿದ ಶಿಫ್ಟುಗಳು ಸ್ಪೇಸ್ ಆಗತೊಡಗಿದವು, ದೀರ್ಘ ಬರಬೇಕಾದಲ್ಲಿ ಪದ ಎರಡು ತುಂಡಾಯಿತು. 220, 230 ಎಂದು ಒಂದು ವಾರ ಹಾಕಿ ತೆಗೆದು ಹಾಕಿ ತೆಗೆದು ಮಾಡಿದೆ. ಈ ಚಿಪ್ಪಿನ ಸ್ಮೃತಿಯನ್ನು ಹತ್ತು ಸಾವಿರ ಸಲ ಅಳಿಸಿ ಬರೆಯಬಹುದು ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ, ಆದ್ದರಿಂದ ಸಂಕೋಚವೇನೂ ಬೇಕಿಲ್ಲ. ಆದರೂ ನನ್ನ ಕೈಗೆ ಅದು ಒಗ್ಗಲಿಲ್ಲ. ಮಾತ್ರೆ ಎಣಿಸುವ ಉಪಾಯ ಬೇರೆಯವರಿಗೆ ಹೊಂದಬಹುದು, ಕನ್ನಡ ಬರೆಯುವ ನನಗಂತೂ ಬೇಡವೆನ್ನಿಸಿತು.

ಕೈಹಿಡಿದದ್ದು ಇನ್ನೊಂದು ಉಪಾಯ. ಅದಕ್ಕೆ 'ಒನ್ ಶಾಟ್' ಎನ್ನುತ್ತಾರೆ. ಶಿಫ್ಟನ್ನು ಹಿಡಿದುಕೊಳ್ಳಬೇಕಾಗಿಲ್ಲ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅದು ಅನ್ವಯಿಸುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಸ್ಪೇಸಿನ ಎಡಪಕ್ಕದ ಆಲ್ಟ್ ಕೀಲಿಯ ಜಾಗಕ್ಕೆ ಅದನ್ನು ತಂದೆ. ಹೆಬ್ಬೆರಳನ್ನು ತುಸು ಒಳಕ್ಕೆ ಮಡಿಸಿದರೆ ಸಿಗುತ್ತದೆ. ಆಲ್ಟ್ ಬಲಗಡೆಯೂ ಇದೆ, ಕೊರತೆಯಾಗಲಿಲ್ಲ. 'ಭಾಷಣ' ಎಂದರೆ ಈಗ ತಟ್ಟು-ಭ, ತಟ್ಟು-ದೀರ್ಘ, ಷ, ತಟ್ಟು-ಣ. ಒತ್ತುಗಳ ಲೆಕ್ಕ ಕಡಿಮೆಯಾಗಲಿಲ್ಲ. ಆದರೆ ಎರಡು ಬೆರಳು ಒಂದನ್ನೊಂದು ಎಳೆದಾಡುವ ಬಿಗಿತ ಹೋಯಿತು. ರೂಢಿಗೆ ಬರಲು ಮೂರು ವಾರ ಹಿಡಿಯಿತು. ನಾಲ್ಕನೆಯ ತಿಂಗಳಿಗೆ ಮಣಿಕಟ್ಟಿನ ನೋವು ನಿಂತಿತ್ತು. ಇದು ನನ್ನ ಕೈಯ ಮಾತು, ವೈದ್ಯರ ಸಲಹೆಯಲ್ಲ. ನೋವಿದ್ದವರು ವೈದ್ಯರನ್ನೇ ಕಾಣಿ.

ಇನ್ನೊಂದು ಆಸೆಯೂ ನನಗಿತ್ತು. ಗಣಕದ ನೆರವೇ ಬೇಡ, ಕೀಲಿಮಣೆಯೇ ನೇರವಾಗಿ ಕನ್ನಡ ಕಳಿಸಬೇಕು, ಯಾರ ಗಣಕಕ್ಕೆ ಚುಚ್ಚಿದರೂ ಕನ್ನಡ ಬರಬೇಕು ಎಂದು. ಯುನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆಯಷ್ಟೆ, ಕ ಎಂದರೆ 0ಸಿ95. ಲಿನಕ್ಸಿನಲ್ಲಿ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒತ್ತಿ ಆ ಸಂಖ್ಯೆ ಬರೆದರೆ ಅಕ್ಷರ ಮೂಡುತ್ತದೆ. ಅಷ್ಟನ್ನೂ ಫರ್ಮ್‌ವೇರ್ ನಮ್ಮ ಪರವಾಗಿ ಒತ್ತಬಲ್ಲದು. ಮಾಡಿ ನೋಡಿದೆವು. ಒಂದು ಕ ಬರೆಯಲು ಒಳಗೊಳಗೇ ಆರೇಳು ಒತ್ತು. ವಿಂಡೋಸಿನಲ್ಲಿ ಇದಕ್ಕೆ ಬೇರೆ ತಂತ್ರಾಂಶ ಬೇಕು, ಆಪಲ್ ಗಣಕದಲ್ಲಿ ಬೇರೆ ಏರ್ಪಾಡು. ಗಣಕ ಮೊದಲೇ ಕನ್ನಡ ವಿನ್ಯಾಸದಲ್ಲಿದ್ದರೆ ನಾವು ಕಳಿಸಿದ ಯು ಅಲ್ಲಿ ಯು ಆಗಿ ಉಳಿಯುವುದೇ ಇಲ್ಲ. ಆ ದಾರಿಯನ್ನು ಕೈಬಿಟ್ಟೆ. ಅಕ್ಷರ ಗಣಕಕ್ಕೆ, ಬೆರಳು ಕೀಲಿಮಣೆಗೆ, ಹೀಗೆ ಕೆಲಸ ಹಂಚಿಕೊಂಡರೆ ಎರಡೂ ಸಲೀಸು.

ಕಡತ ತಿದ್ದುವುದು ಬೇಡ ಎನ್ನುವವರಿಗೆ 'ವಯಲ್' ಎಂಬ ತೆರೆದ ಮೂಲದ ಸಲಕರಣೆ ಇದೆ. ಅದಕ್ಕೆ ಹೊಂದುವ ಫರ್ಮ್‌ವೇರನ್ನು ಒಮ್ಮೆ ಹಾಕಿಬಿಟ್ಟರೆ ಮುಂದಿನ ಬದಲಾವಣೆಗಳನ್ನೆಲ್ಲ ಪರದೆಯ ಮೇಲಿನ ಚಿತ್ರದಲ್ಲಿ ಗುಂಡಿ ಆರಿಸುತ್ತಲೇ ಮಾಡಬಹುದು. ಬ್ಲೂಟೂತ್ ಕೀಲಿಮಣೆಯವರಿಗೆ 'ಝಡ್‌ಎಂಕೆ' ಎಂಬ ಇನ್ನೊಂದು ಫರ್ಮ್‌ವೇರ್ ಇದೆ.

ನನ್ನ ಹಿರಿಯ ಗೆಳತಿಯೊಬ್ಬರು ಕನ್ನಡ ಶಿಕ್ಷಕಿಯಾಗಿ ನಿವೃತ್ತರಾದವರು. ಲಕ್ವ ಹೊಡೆದು ಅವರ ಎಡಗೈ ಸೋತಿದೆ. ತಮ್ಮ ಊರಿನ ಜೋಗುಳದ ಹಾಡುಗಳನ್ನು ಬರೆದಿಡಬೇಕೆಂದು ಒಂದೇ ಕೈಯಲ್ಲಿ ಒತ್ತುತ್ತಿದ್ದರು. ಶಿಫ್ಟ್ ಹಿಡಿದು ಇನ್ನೊಂದು ಕೀಲಿ ಒತ್ತುವುದೆಂದರೆ ಒಂದೇ ಕೈಯನ್ನು ಎರಡಾಗಿ ಸೀಳಿದಂತೆ. ಗಣಕದಲ್ಲೇ ಇದಕ್ಕೆ ಅನುಕೂಲವಿದೆ ನಿಜ, ಆದರೆ ಅವರು ಒಂದು ದಿನ ಮಗನ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ದಿನ ಗ್ರಂಥಾಲಯದ ಗಣಕದಲ್ಲಿ ಬರೆಯುವವರು. ಹೋದಲ್ಲೆಲ್ಲ ಅದನ್ನು ಹುಡುಕಿ ಹಚ್ಚುವುದು ಅವರಿಂದಾಗದು. ನನ್ನಂಥದೇ ಒಂದು ಪುಟ್ಟ ಕೀಲಿಮಣೆ ತಂದು, ಒನ್ ಶಾಟ್ ಶಿಫ್ಟನ್ನು ಈ ಸಲ ಸ್ಪೇಸಿನ ಬಲಪಕ್ಕಕ್ಕೆ, ಅವರ ಬಲಗೈ ಹೆಬ್ಬೆರಳಿಗೆ ಸಿಗುವಂತೆ ಇಟ್ಟು ಕೊಟ್ಟೆ. ಅದನ್ನು ಚೀಲದಲ್ಲಿ ಹಾಕಿಕೊಂಡು ಓಡಾಡುತ್ತಾರೆ. ಯಾವ ಗಣಕಕ್ಕೆ ಚುಚ್ಚಿದರೂ ಶಿಫ್ಟ್ ಅವರದೇ ಜಾಗದಲ್ಲಿ ಇರುತ್ತದೆ. ನಾಲ್ಕು ಜೋಗುಳ ಬರೆದು ಮುಗಿಸಿ ಹೋದ ವಾರ ಫೋನ್ ಮಾಡಿದ್ದರು.

"ಎಲ್ಲ ಸರಿಹೋಗಿದೆ ಕಣಮ್ಮ. ಒಂದೇ ಒಂದು ಕಷ್ಟ. ಒತ್ತಕ್ಷರ ಹಾಕೋ ಎಫ್ ಆ ಕಡೆ ಎಡಗಡೆ ದೂರ ಇದೆ. ಪ್ರತಿ ಸಲ ಕೈ ಅಲ್ಲಿಗೆ ಹೋಗಿ ಬರಬೇಕು. ಅದನ್ನ ಎಲ್ ಪಕ್ಕಕ್ಕೆ ತರೋಕಾಗತ್ತಾ?"

ಎಲ್ ಪಕ್ಕದಲ್ಲಿರುವುದು ಅರ್ಧವಿರಾಮದ ಕೀಲಿ. ಜೋಗುಳದಲ್ಲಿ ಅದಕ್ಕೆ ಕೆಲಸವಿಲ್ಲ. ಅದನ್ನು ಮೇಲಿನ ಪದರಕ್ಕೆ ಕಳಿಸಿ, ಆ ಸಂಧಿಯಿಂದಲೂ 9 ಎಂಬ ಸಂಖ್ಯೆಯೇ ಹೋಗುವಂತೆ ಪಟ್ಟಿಯಲ್ಲಿ ಒಂದು ಕಡೆ ತಿದ್ದಿದರೆ ಆಯಿತು. ಕಡತ ಸಿದ್ಧಮಾಡಿದ್ದೇನೆ. ಈ ಭಾನುವಾರ ಕೇಬಲ್ ಹಿಡಿದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ.